ಹಂಚಿನ ಮನೆಯ ಅಟ್ಟದ ಸೆಕೆಗೆ ಏನು ಮಾಡೋಣ?

ಪ್ರಶ್ನೆ: ಪುತ್ತೂರಿನ ಹತ್ತಿರ ನಮ್ಮ ಅಜ್ಜನ ಕಾಲದ ಹಂಚಿನ ಮನೆ ಇದೆ. ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಕೆಳಗಿನ ಕೋಣೆಯಲ್ಲೂ ಕೂರಲಾಗುವುದಿಲ್ಲ. ಹಂಚಿನ ಅಡಿಗೆ ಫೋಮ್ ಸ್ಪ್ರೇ ಮಾಡಿಸಿದರೆ ಸೆಕೆ, ಸೋರಿಕೆ ಎರಡೂ ನಿಲ್ಲುತ್ತವೆ ಎನ್ನುತ್ತಾರೆ ಗುತ್ತಿಗೆದಾರರು. ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಮಾಡಿದ ಈ ಹಂಚಿನ ಗುಣವೇ ಬೇರೆ. ಗಾರೆ ಬೇಡ, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಒಡೆದರೆ ಅದೊಂದನ್ನೇ ತೆಗೆದು ಬೇರೆಯದು ಇಡಬಹುದು. ಫೋಮ್ ಅಂಟಿತೆಂದರೆ ಆ ಅನುಕೂಲ ಹೋಯಿತು. ಮಳೆಗಾಲದಲ್ಲಿ ನೀರು ಎಲ್ಲಿಂದ ಇಳಿಯುತ್ತಿದೆ ಎಂದೂ ಕಾಣುವುದಿಲ್ಲ. ಹಂಚನ್ನು ಹೊತ್ತ ಮರದ ಪಕ್ಕಾಸು (ಇಳಿಜಾರಿನ ತೊಲೆ), ಅದರ ಮೇಲಿನ ರೀಪು (ಅಡ್ಡಪಟ್ಟಿ) ಒದ್ದೆಯಾಗಿಯೇ ಉಳಿದು ಒಳಗೊಳಗೇ ಕುಂಬಾಗುತ್ತವೆ.

ಹಗಲಿನ ಸೆಕೆಯಲ್ಲಿ ದೊಡ್ಡ ಪಾಲು ಬಿಸಿ ಗಾಳಿಯದ್ದಲ್ಲ. ಕಾದ ಹಂಚು ಕೆಂಡದ ಹಾಗೆ ಕೆಳಕ್ಕೆ ಕಾವು ಬೀರುತ್ತದೆ. ಅದಕ್ಕೆ ಹೊಳೆಯುವ ಅಲ್ಯೂಮಿನಿಯಂ ಹಾಳೆಯೇ ಒಳ್ಳೆಯ ಮದ್ದು. ಪಕ್ಕಾಸಿನ ಅಡಿಭಾಗಕ್ಕೆ ಹಾಕಿಸಿ, ಹೊಳಪಿನ ಮುಖ ಅಟ್ಟದ ಕಡೆಗಿರಲಿ. ಮೇಲಕ್ಕಿದ್ದರೆ ಧೂಳು ಕೂತು ಹೊಳಪು ಸತ್ತೇ ಹೋಗುತ್ತದೆ. ಹಾಳೆಗೂ ಹಂಚಿಗೂ ಮಧ್ಯೆ ಗಾಳಿಯ ಜಾಗ ಬೇಕೇ ಬೇಕು. ಮಾಡಿನ, ಅಂದರೆ ಛಾವಣಿಯ, ಮೇಲ್ತುದಿಯಲ್ಲೂ ಸೂರಿನಲ್ಲೂ ಸಂದು ಬಿಡಿ, ಬಿಸಿ ಗಾಳಿ ಹೊರಗೆ ಹೋಗಲಿ. ಒಂದೇ ಉದ್ದದ ಹಾಳೆಗಿಂತ ಬಿಚ್ಚಲು ಬರುವ ತುಂಡುಗಳೇ ವಾಸಿ. ಸೋರಿದರೆ ನೋಡಬೇಕಲ್ವಾ?

ಆದರೆ ಹಾಳೆಯಲ್ಲಿ ಕರೆಂಟ್ ಹರಿಯುತ್ತದೆ. ಆಸ್ಟ್ರೇಲಿಯಾದ ಸರಕಾರಿ ಯೋಜನೆಯೊಂದರಲ್ಲಿ ಹೀಗೆ ಅಟ್ಟದಲ್ಲಿ ಹಾಳೆ ಹಾಕುವಾಗ ಶಾಕ್ ಹೊಡೆದು ಕೆಲಸಗಾರರು ಸತ್ತರು. 2010ರಲ್ಲಿ ಆ ಯೋಜನೆಯಲ್ಲಿ ಹಾಳೆ ಹಾಕುವುದನ್ನೇ ನಿಲ್ಲಿಸಿದರು. ನಿಮ್ಮದು ಹಳೇ ವೈರಿಂಗ್ ಇರಬಹುದು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಕೆಲಸದ ದಿನ ಮೇನ್ ಸ್ವಿಚ್ ಆಫ್ ಇರಲಿ.

ಇನ್ನು ಮುಚ್ಚಿಗೆಯ ಮೇಲೆ ಏನಿದೆ ನೋಡಿ. ಹಿಂದಿನವರು ಅಲ್ಲಿ ಮಣ್ಣು ಹಾಸುತ್ತಿದ್ದರು. ಅದಿದ್ದರೆ ಭಾರ ಎಂದು ತೆಗೆಸಬೇಡಿ. ಬೆಂಕಿಗೂ ಅದು ತಡೆ. ಬರೀ ಹಲಗೆಯಾದರೆ ಎರಡು ಇಂಚಿನ ರಾಕ್‌ವುಲ್ (ಕಲ್ಲು ಕರಗಿಸಿ ಎಳೆ ತೆಗೆದು ಮಾಡಿದ ಹಾಸು) ಹಾಸಬಹುದು. ಅದು ಸುಡುವುದಿಲ್ಲ. ಥರ್ಮೋಕೋಲ್ ಅಗ್ಗ ನಿಜ, ಆದರೆ ಬೆಂಕಿ ಹಿಡಿಯುವ ಹೆದರಿಕೆ, ಇಲಿಗಳಿಗೂ ಇಷ್ಟ. ರಾಕ್‌ವುಲ್ ಮೇಲೆ ಅಡಿಕೆ ಮೂಟೆ ಇಡಬೇಡಿ, ಒತ್ತಿ ಚಪ್ಪಟೆಯಾದರೆ ಹಾಕಿದ್ದು ದಂಡ. ಒದ್ದೆಯಾದರೂ ಅಷ್ಟೆ. ಹಾಗಾಗಿ ಹಂಚಿನ ರಿಪೇರಿ ಮೊದಲು. ಬೆಳಕಿಗೆಂದು ಗಾಜಿನ ಹಂಚು ಜಾಸ್ತಿ ಹಾಕಿಸಿದ್ದರೆ ಒಂದೆರಡನ್ನು ಉಳಿಸಿ ಮಿಕ್ಕಿದ್ದನ್ನು ಮಣ್ಣಿನ ಹಂಚಿಗೆ ಬದಲಿಸಿ. ಗಾಜಿನಲ್ಲಿ ಬಿಸಿಲು ನೇರ ಒಳಗೇ ಬರುತ್ತದೆ.

ಹಾಳೆ, ರಾಕ್‌ವುಲ್ ಎರಡೂ ಒಟ್ಟಿಗೆ ಮಾಡಿಸಬೇಡಿ. ಹಾಳೆ ಹಾಕಿ ಒಂದು ಬೇಸಿಗೆ ನೋಡಿ. ಹಂಚು ಸಂಜೆಯಾದ ಮೇಲೆ ಬೇಗ ತಣಿಯುತ್ತದೆ. ರಾತ್ರಿ ಹನ್ನೊಂದಕ್ಕೂ ಕೋಣೆ ಬಿಸಿಯಿದ್ದರೆ ಅದು ಅಟ್ಟದ ಕಾವಾಗಿರಲಿಕ್ಕಿಲ್ಲ, ಸಂಜೆ ಬಿಸಿಲಿಗೆ ಕಾದ ಪಶ್ಚಿಮದ ಕೆಂಪುಕಲ್ಲಿನ ಗೋಡೆ ಮುಟ್ಟಿ ನೋಡಿ. ಆಗ ರಾಕ್‌ವುಲ್‌ಗೆ ಹಾಕುವ ದುಡ್ಡನ್ನು ಆ ಬದಿಗೊಂದು ಚಾವಡಿ ಮಾಡಿಗೆ ಹಾಕುವುದು ಒಳ್ಳೆಯದು.