ಹಾಳೂರಿಗೆ ಉಳಿದವನೇ ಗೌಡ

ಸಂಪಾದಕರ ಉತ್ತರ

ಗಂಗಾವತಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇದು (ಹೆಸರು ಹಾಕಬೇಡಿ ಎಂದಿದ್ದಾರೆ). ಗೆಳೆಯನ ಮನೆಯಲ್ಲಿ ‘ಶಾಡೋ ಆಫ್ ದಿ ಕೊಲೋಸಸ್’ ಎಂಬ ವಿಡಿಯೊ ಗೇಮ್ ಆಡುವಾಗ, ನಡುರಾತ್ರಿ ಅದರೊಳಗಿನ ಪಾಳು ಸೇತುವೆ ನೋಡಿ ಇವರಿಗೆ ಗಂಟಲು ಕಟ್ಟಿತಂತೆ. ಮಗ್ಗುಲಲ್ಲೇ ಪುರಾತನ ಕಲ್ಲುಗೂಡುಗಳ ಗುಡ್ಡ ಹಿರೇಬೆಣಕಲ್ಲು ಇದ್ದರೂ ಅಲ್ಲಿ ಒಂದು ದಿನವೂ ಹೀಗಾಗಿಲ್ಲ. “ಹಾಳು ಬಿದ್ದ ಮನಿ ನೋಡಾಕ ರಾತ್ರಿಯೆಲ್ಲ ಯಾಕ ಕಣ್ಣು ಕೆಡಿಸ್ಕೊಂತಿ? ಊರ ಹೊರಗ ಹೋಗು, ಪುಕ್ಕಟೆ ಅದಾವು” ಎಂದು ತಂದೆ ಬೈದರಂತೆ. “ಸರ್, ನನ್ನ ತಲಿ ಸರಿ ಐತೋ ಇಲ್ಲೋ?”

ಪ್ರಿಯರೆ,

ತಲೆ ಸರಿ ಇದೆ. ನಿಮ್ಮ ತಂದೆಯವರ ಮಾತೂ ಸರಿ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಆಟ ನನಗೂ ಗೊತ್ತು, ಮಗನ ಪಕ್ಕ ಕೂತು ನೋಡಿದ್ದೇನೆ. (ಒಮ್ಮೆ ನನ್ನ ಕೈಗೆ ಕೊಟ್ಟ. ಕುದುರೆಯನ್ನು ಬಂಡೆಗೆ ಹಾಯಿಸಿ ಮರ್ಯಾದೆ ಕಳಕೊಂಡೆ.) ಜಪಾನಿನ ಫುಮಿತೊ ಉಯೆಡಾ ತಮ್ಮ ತಂಡದೊಡನೆ 2005ರಲ್ಲಿ ಮಾಡಿದ್ದು ಅದು, ನೀವು ಆಡಿದ್ದು 2018ರ ಹೊಸ ರೂಪ ಇರಬೇಕು. ಒಬ್ಬ ಹುಡುಗ, ಒಂದು ಕುದುರೆ, ಗುಡಿಯೊಳಗೆ ಮಲಗಿಸಿದ ಸತ್ತ ಹುಡುಗಿ, 16 ದೈತ್ಯರು. ಊರಿಲ್ಲ, ಅಂಗಡಿಯಿಲ್ಲ, ದಾರಿಗೆ ಅಡ್ಡ ಬರುವ ಪುಡಿ ವೈರಿಗಳೂ ಇಲ್ಲ. ಬೇರೆಯವರು ತುಂಬುತ್ತಾ ಹೋಗುವ ಕಡೆ ಉಯೆಡಾ ತೆಗೆಯುತ್ತಾ ಹೋದರು. ಗೊರಸಿನ ಸದ್ದು, ಗಾಳಿ. ದೈತ್ಯ ಉರುಳಿದಾಗಲೂ ಗೆದ್ದವನ ತುತ್ತೂರಿ ಊದುವುದಿಲ್ಲ, ಶೋಕದ ಸಂಗೀತ ಬರುತ್ತದೆ.

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತೇವಲ್ಲ, ಕುಹಕದ ಗಾದೆ ಅದು. ಆದರೆ ಈ ಆಟಗಳ ಸುಖ ಇರುವುದು ಆ ಗೌಡಕಿಯಲ್ಲೇ. ಪಬ್‌ಜಿ ಆಡುವ ಹುಡುಗರೂ ಜನ ಬಿಟ್ಟುಹೋದ ಮನೆಗಳಿಗೇ ನುಗ್ಗುತ್ತಾರೆ. ಬಂದೂಕು ಹುಡುಕುವ ಗಡಿಬಿಡಿಯಲ್ಲಿ ಮನೆ ಯಾರದು ಎಂದು ಕೇಳಲು ಪುರಸೊತ್ತಿಲ್ಲ. ನಿಮಗೆ ಪುರಸೊತ್ತಿತ್ತು. ಇಡೀ ನಾಡಿಗೆ ನೀವೊಬ್ಬರೇ, ಯಾರ ಸಂಕಟಕ್ಕೂ ಉತ್ತರ ಹೇಳಬೇಕಿರಲಿಲ್ಲ. ವಾರಸುದಾರರಿಲ್ಲದ ದುಃಖ, ಅದನ್ನು ಪೂರ್ತಿ ನಿಮ್ಮದಾಗಿಸಿಕೊಂಡಿರಿ.

ವಾರಸುದಾರರಿರುವ ಪಾಳು ಬೇರೆ ತರಹ. ನನ್ನ ಅಜ್ಜಿಯ ತವರೂರು ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿದ್ದು. ಅಣೆಕಟ್ಟು ಮುಗಿದದ್ದು 1953ರಲ್ಲಿ. ಒಂದು ಬೇಸಿಗೆ ನೀರು ತೀರಾ ಇಳಿದಾಗ ಅಜ್ಜಿ ನನ್ನನ್ನು ಕರಕೊಂಡು ಹೋದಳು. ಬಿರಿದ ಕೆಸರು, ಮೊಣಕಾಲೆತ್ತರದ ಗೋಡೆಗಳ ಸಾಲು, ಅರ್ಧ ಹೂತ ಒಂದು ಒರಳು. ಅದರ ಕುಳಿಯ ತುಂಬ ಬಸವನಹುಳುವಿನ ಚಿಪ್ಪು. ಅಜ್ಜಿ ಕುಕ್ಕರಗಾಲಲ್ಲಿ ಕೂತು ಚಿಪ್ಪು ಬಾಚಿ ಚೆಲ್ಲಿದಳು, ಸೆರಗಿನಿಂದ ಅಂಚು ಒರೆಸಿ ಬೆರಳಾಡಿಸಿದಳು. “ಇದು ನಮ್ದಲ್ಲ, ಬಾಜೂಕಿನವ್ರದು” ಎಂದು ಎದ್ದು ಮುಂದೆ ನಡೆದಳು. ಅಳಲಿಲ್ಲ, ಮನೆ ಹುಡುಕುವುದಿತ್ತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಪರಿಹಾರದ ರೊಕ್ಕ ಯಾರಿಗೆ ಎಷ್ಟು ಬಂತು, ಯಾರು ಯಾರದನ್ನು ನುಂಗಿದರು ಅನ್ನುವುದೇ ಮಾತು.

ಜನವಸತಿ ಇಲ್ಲದ ಊರಿಗೆ ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್’ ಅನ್ನುತ್ತಾರೆ. ಫಾರಸಿಯ ಬೇ-ಚಿರಾಗ್, ದೀಪವಿಲ್ಲದ್ದು. ಇದನ್ನು ಮೊದಲು ಬರೆದ ಗುಮಾಸ್ತನ ಕೈ ಒಂದು ಗಳಿಗೆ ನಿಂತಿರಬಹುದೇ ಎಂದು ಆಗಾಗ ಅನ್ನಿಸುತ್ತದೆ.

ಇನ್ನು ನಿಮ್ಮ ಹಿರೇಬೆಣಕಲ್ಲು. ಅಲ್ಲಿ ಏನೂ ಆಗಲಿಲ್ಲ ಎಂದಿರಿ. ಹೋದದ್ದು ಯಾರ ಜೊತೆ? ಗೆಳೆಯರ ದಂಡು, ಒಗ್ಗರಣಿ-ಮಿರ್ಚಿಯ ಪೊಟ್ಟಣ, ಸೆಲ್ಫಿ ಇದ್ದಿರಬೇಕು. ಒಬ್ಬರೇ ಹತ್ತಿ ನೋಡಿ. ಗುಡ್ಡದ ಮೇಲಿನ ಆ ಕಲ್ಲಿನ ಗೂಡುಗಳನ್ನು ಜನ ಮೋರ್ಯರ ಮನೆ ಅನ್ನುತ್ತಾರೆ, ಗಿಡ್ಡ ಜಾತಿಯ ಮನುಷ್ಯರು ಅಲ್ಲಿದ್ದರೆಂದು ಕಥೆ ಹೇಳುತ್ತಾರೆ. ವಾಸ್ತವದಲ್ಲಿ ಅವು 2,000 ವರ್ಷಕ್ಕೂ ಹಿಂದಿನ ಶಿಲಾಸಮಾಧಿಗಳು. ಅಲ್ಲಿ ಯಾರೂ ಒಲೆ ಹಚ್ಚಿದವರಲ್ಲ. ಆದರೆ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ ಕಂಡದ್ದೇ ತಡ, ನಮ್ಮ ಮನಸ್ಸು ಒಳಗೊಬ್ಬ ಬಾಡಿಗೆದಾರನನ್ನು ಕೂರಿಸಿಬಿಟ್ಟಿತು. ನಿಮ್ಮ ಸೇತುವೆಯದೂ ಇದೇ ಕಥೆ. ಅದು ಯಾವತ್ತೂ ಹೊಸದಾಗಿರಲಿಲ್ಲ, ಯಾರೂ ಅದರ ಮೇಲೆ ಸಂತೆಗೆ ಹೋಗಲಿಲ್ಲ. ಬಿರುಕು, ಪಾಚಿ, ಮುರಿದ ಅಂಚು ಎಲ್ಲ ಕಲಾವಿದರು ಹುಟ್ಟಿನಿಂದಲೇ ಕೊಟ್ಟದ್ದು. ದಾಟಿಹೋದವರನ್ನು ನೀವೇ ತಂದುಕೊಂಡಿರಿ.

‘ಡಾರ್ಕ್ ಸೋಲ್ಸ್’ (2011) ಎಂಬ ಇನ್ನೊಂದು ಆಟ ಮಾಡಿದ ಹಿಡೆಟಾಕಾ ಮಿಯಾಝಾಕಿ ಚಿಕ್ಕಂದಿನಲ್ಲಿ ಅರ್ಧಂಬರ್ಧ ತಿಳಿಯುವ ಇಂಗ್ಲಿಷ್ ಪುಸ್ತಕ ಓದುತ್ತಾ, ತಿಳಿಯದ ಕಡೆ ತಮ್ಮದೇ ಕಥೆ ತುಂಬಿಕೊಳ್ಳುತ್ತಿದ್ದರಂತೆ. ಅವರ ಆಟದ ಕಥೆಯೂ ಚೂರುಚೂರು: ಆಟದಲ್ಲಿ ಸಿಗುವ ಉಂಗುರದ ವಿವರಣೆಯಲ್ಲಿ ಎರಡು ಸಾಲು, ಕತ್ತಿಯದರಲ್ಲಿ ಮೂರು. ಶಾಸನ ಸಂಪುಟ ತಿರುವಿದವರಿಗೆ ಈ ರುಚಿ ಹೊಸದಲ್ಲ. ಭೂಮಿ ದಾನ ಕೊಟ್ಟವನ ಹೆಸರಿರುತ್ತದೆ, ಮತ್ತರಿನ (ಆಗಿನ ನೆಲದ ಅಳತೆ) ಲೆಕ್ಕ ಇರುತ್ತದೆ, ಯಾಕೆ ಕೊಟ್ಟ ಅನ್ನುವಷ್ಟರಲ್ಲಿ ಆವರಣದೊಳಗೆ ‘ತ್ರುಟಿತ’, ಅಂದರೆ ಮುಂದಿನದು ಒಡೆದುಹೋಗಿದೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ.

ಒಂದು ತಕರಾರು. 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಆಟದಲ್ಲಿ ಹೊಯ್ಸಳರ ಹಳೇಬೀಡು, ಬೇಲೂರುಗಳನ್ನು ಪಶ್ಚಿಮ ಘಟ್ಟದ ಕಾಡಿನಲ್ಲಿ, ಜಲಪಾತಗಳ ನಡುವೆ ಹುದುಗಿಸಿದ್ದಾರೆ. ಕಣ್ಣಿಗೆ ಹಬ್ಬ, ಒಪ್ಪಿದೆ. ಆದರೆ ಬೇಲೂರಿನ ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಜನರನ್ನು ಒಕ್ಕಲೆಬ್ಬಿಸದೆ ಚಂದದ ಪಾಳು ಸಿಗುವುದಿಲ್ಲವೇನೋ.

ಒಂದು ಸಂಜೆ ತಂದೆಯವರನ್ನು ಪಕ್ಕ ಕೂರಿಸಿಕೊಂಡು ಆ ಸೇತುವೆ ದಾಟಿ, ಗುಡಿಯವರೆಗೂ ಕರಕೊಂಡು ಹೋಗಿ. ಏನಂದರು ಎಂದು ಬರೆಯಿರಿ, ಅಚ್ಚು ಹಾಕುತ್ತೇನೆ. “ಗುಡಿ ಇಷ್ಟು ದೊಡ್ಡದೈತಿ, ಊರು ಎಲ್ಲೈತಪಾ?” ಎಂದು ಕೇಳುತ್ತಾರೆ ಅಂತ ನನ್ನ ಅಂದಾಜು.

— ಸಂ.