ಸೂತಕ ಅಂತ ದೊಡ್ಡಮ್ಮನನ್ನು ನೋಡದೆ ಹೋಗಬೇಡಿ

ಸೋದರಮಾವನ ಮಣ್ಣಿಗೆ ಕಲಬುರಗಿಗೆ ಬರುತ್ತಿದ್ದೀರಿ. ಇಲ್ಲೇ ವೃದ್ಧಾಶ್ರಮದಲ್ಲಿರುವ ದೊಡ್ಡಮ್ಮನ ಹತ್ತಿರ ಸೂತಕದಲ್ಲಿ ಹೋಗಬಹುದಾ, ಸಾವಿನ ಸುದ್ದಿ ಹೇಳಬೇಕಾ ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ನೀವು ಲಿಂಗಾಯತರು ಅಂದಿರಿ, ಸಾವಿನ ಸೂತಕವೂ ಸೇರಿದ ಪಂಚಸೂತಕಗಳನ್ನೇ ಶರಣರು ಒಪ್ಪಲಿಲ್ಲ ಅಲ್ವಾ? ಮನೆಯ ಹಿರಿಯರು ಬೇಡವೆಂದರೆ ಮೂರನೇ ದಿನ ಕಳೆದ ಮೇಲೆ ಹೋಗಿ. ಆದರೆ ನೋಡದೆ ರೈಲು ಹತ್ತಬೇಡಿ.

ಸುದ್ದಿ ಮುಚ್ಚಿಡಬೇಡಿ. ತೀರಿಕೊಂಡವರು ಅವರ ಒಡಹುಟ್ಟಿದ ತಮ್ಮ. ಆಮೇಲೆ ಬೇರೆ ಯಾರಿಂದಲೋ ಗೊತ್ತಾದರೆ ಆ ನೋವೇ ಜಾಸ್ತಿ. ಮೊದಲು ಅಲ್ಲಿನ ಮೇಲ್ವಿಚಾರಕರಿಗೆ ಫೋನ್ ಮಾಡಿ, ಬಿಪಿ ಹೇಗಿದೆ ಕೇಳಿ. ಮಧ್ಯಾಹ್ನ ಊಟವಾಗಿ ಮಲಗಿರುತ್ತಾರೆ, ಸಂಜೆ ಹೋಗಿ. ಬೇಸಿಗೆಯಾದರೆ ಮಧ್ಯಾಹ್ನದ ಬಿಸಿಲು ಬೇರೆ 40 ಡಿಗ್ರಿ ದಾಟುತ್ತದೆ. ಮಂಚದ ಮೇಲೆ ಪಕ್ಕದಲ್ಲೇ ಕುಳಿತು, ಕೈ ಹಿಡಿದು, ಕಿವಿ ಹತ್ತಿರ ನಿಧಾನವಾಗಿ ಹೇಳಿ. 'ಹುಷಾರಿಲ್ಲ' ಅಂತ ಸುತ್ತು ಬಳಸಬೇಡಿ, 'ಮಾವ ತೀರಿಕೊಂಡರು' ಅಂತಲೇ ಹೇಳಿ. ಅತ್ತರೆ ಅಳಲಿ, ಸುಮ್ನೆ ಕುಳಿತಿರಿ. ತಕ್ಷಣ ಎದ್ದು ಬರಬೇಡಿ, ರಾತ್ರಿ ಊಟದವರೆಗೆ ಜೊತೆಗಿರಿ.

ಮುಖ ನೋಡಬೇಕು ಅಂತ ಅವರು ಹಟ ಮಾಡಬಹುದು. ಹಾಗಾಗಿ ಸಾಧ್ಯವಾದರೆ ಮಣ್ಣಿಗೆ ಮುಂಚೆಯೇ ಮನೆಯವರಲ್ಲಿ ಯಾರಾದರೂ ಹೋಗಿ ತಿಳಿಸಿ, ಗಾಡಿ ಮಾಡಿ ಕರೆತರಲಿ. ನಡೆಯಲು ಆಗದಿದ್ದರೆ ಗಾಲಿಕುರ್ಚಿ ಕೇಳಿ. ತಮ್ಮನ ಕೊನೆಯ ದರ್ಶನದ ಹಕ್ಕು ಅವರಿಗೆ ಎಲ್ಲರಿಗಿಂತ ಮೊದಲು ಇದೆ.

ಕೈಯಲ್ಲಿ ಸಿಹಿ ಬೇಡ. ಖಡಕ್ ರೊಟ್ಟಿಯೂ ಬೇಡ, ಹಲ್ಲಿಗೆ ಆಗುವುದಿಲ್ಲ. ಮೆತ್ತನೆ ಜೋಳದ ರೊಟ್ಟಿ, ಪುಂಡಿ ಪಲ್ಯ ಕಟ್ಟಿಸಿಕೊಂಡು ಹೋಗಿ.