ಇನ್ಸುಲಿನ್ ಬಿಡಿಸಿ ಮದುವೆ ಮಾಡ್ತೀವಿ ಅಂದ ಮನೆಯವರು

ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಜೊತೆ ನನ್ನ ಹತ್ತಿರ ಸಲಹೆಗೆ ಬಂದ ಹುಡುಗಿಯನ್ನು ಸುಮಾ ಎನ್ನೋಣ. ವಯಸ್ಸು 23, ಟೈಪ್ 1 ಡಯಾಬಿಟಿಸ್ (ದೇಹ ತಾನಾಗಿ ಇನ್ಸುಲಿನ್ ತಯಾರಿಸದ ಕಾಯಿಲೆ), ಶಾಲೆಯ ದಿನಗಳಿಂದಲೂ ಇನ್ಸುಲಿನ್. "ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಹಾಕಿಸಿದ್ರೆ ಇನ್ಸುಲಿನ್ ಪೂರ್ತಿ ನಿಲ್ಲುತ್ತೆ" ಎಂದು ಯಾರೋ ಹೇಳಿ ಲಕ್ಷಗಟ್ಟಲೆ ಕೇಳಿದ್ದಾರೆ, ಅಪ್ಪ ಸೈಟು ಮಾರಲು ಗಿರಾಕಿ ಹುಡುಕುತ್ತಿದ್ದಾರೆ. ಅವಸರ ಯಾಕೆಂದರೆ ಮದುವೆ. ಇನ್ಸುಲಿನ್ ಪೆನ್ನು ಫ್ರಿಜ್ಜಿನಲ್ಲಿ ಕರಿಬೇವಿನ ಡಬ್ಬಿಯೊಳಗೆ ಇರುತ್ತದಂತೆ, ನೆಂಟರ ಕಣ್ಣಿಗೆ ಬೀಳಬಾರದಲ್ವಾ!

ಸುಮಾ ಜೊತೆ ಬೇರೆಯಾಗಿ ಮಾತಾಡಿದೆ. "ಚುಚ್ಚಿಕೊಳ್ಳೋದು ಅಭ್ಯಾಸ ಆಗಿದೆ ಮೇಡಂ. ರಾತ್ರಿ ಶುಗರ್ ಲೋ ಆದ್ರೆ ಗೊತ್ತೇ ಆಗಲ್ಲ, ಅದೇ ಭಯ" ಎಂದಳು. ಅವಳ ಒಪ್ಪಿಗೆ ಪಡೆದು ಅಪ್ಪ ಅಮ್ಮನಿಗೆ ಹೇಳಿದಾಗ ಇಬ್ಬರೂ ಅದನ್ನು ಮೊದಲ ಸಲ ಕೇಳುತ್ತಿದ್ದರು.

ಕೋಶ ಕಸಿ ಸುಳ್ಳಲ್ಲ. ದಾನಿಯ ಮೇದೋಜೀರಕ ಗ್ರಂಥಿಯಿಂದ ಐಲೆಟ್ ಕೋಶ ತೆಗೆದು ಲಿವರ್‌ಗೆ ಹೋಗುವ ರಕ್ತನಾಳಕ್ಕೆ ಬಿಡುತ್ತಾರೆ, ಅವು ಅಲ್ಲೇ ನೆಲೆನಿಂತು ಇನ್ಸುಲಿನ್ ತಯಾರಿಸುತ್ತವೆ. ಕೆನಡಾದ ಎಡ್ಮಂಟನ್‌ನವರು 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ 7 ಜನಕ್ಕೂ ಇನ್ಸುಲಿನ್ ಚುಚ್ಚಿಕೊಳ್ಳೋದು ನಿಂತಿತ್ತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ 36 ಜನಕ್ಕೆ ಮಾಡಿದಾಗ ಒಂದು ವರ್ಷಕ್ಕೆ ಇನ್ಸುಲಿನ್ ಬೇಡವಾಗಿದ್ದು 16 ಜನಕ್ಕೆ, ಎರಡು ವರ್ಷದ ಹೊತ್ತಿಗೆ ಅವರಲ್ಲಿ 5 ಜನಕ್ಕೆ ಮಾತ್ರ. 2025ರಲ್ಲಿ ಬಂದ ವರದಿ ಇನ್ನೂ ಚೆನ್ನಾಗಿದೆ: ಸ್ಟೆಮ್ ಸೆಲ್‌ನಿಂದ ಬೆಳೆಸಿದ ಐಲೆಟ್ ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿ ವರ್ಷದ ನಂತರ ಇನ್ಸುಲಿನ್ ಇಲ್ಲದೆ ಇದ್ದರು. ಆದರೆ ಅದು ಟ್ರಯಲ್ (ಇನ್ನೂ ಪರೀಕ್ಷೆಯ ಹಂತದ ಚಿಕಿತ್ಸೆ), ಲೋ ಶುಗರ್‌ನಿಂದ ಪದೇ ಪದೇ ಜೀವಕ್ಕೆ ಕುತ್ತು ಬಂದವರ ಮೇಲೆ ಮಾಡಿದ್ದು.

ಇವರೆಲ್ಲರೂ ದೇಹ ಆ ಕೋಶಗಳನ್ನು ಕೊಲ್ಲದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಲೇ ಇರಬೇಕು. ಸೋಂಕು ಬೇಗ ತಗಲುತ್ತದೆ, ಕಿಡ್ನಿಗೆ ಪೆಟ್ಟು ಬೀಳಬಹುದು, ಅಂಥ ಕೆಲವು ಮಾತ್ರೆ ನುಂಗುವಾಗ ಬಸುರಿಯಾಗುವಂತೆಯೇ ಇಲ್ಲ. ಇದನ್ನು ಕೇಳಿ ಅಮ್ಮ ಗಂಡನ ಮುಖ ನೋಡಿದರು.

ನಾನು ನೇರವಾಗಿಯೇ ಹೇಳಿದೆ: ಯಜಮಾನ್ರೇ, ಅಡ್ವಾನ್ಸ್ ಕೊಡಬೇಡಿ. ಡಯಾಬಿಟಿಸ್‌ಗೆ ಟ್ರಯಲ್‌ನ ಹೊರಗೆ ಸ್ಟೆಮ್ ಸೆಲ್ ಹಾಕುವುದನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಒಪ್ಪುವುದಿಲ್ಲ. ನಿಜವಾದ ಟ್ರಯಲ್ ಆದರೆ ಸಿಟಿಆರ್‌ಐ (ದೇಶದಲ್ಲಿ ನಡೆಯುವ ಟ್ರಯಲ್‌ಗಳ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಇರುತ್ತದೆ, ರೋಗಿ ಹತ್ತಿರ ದುಡ್ಡು ಕೇಳುವಂತಿಲ್ಲ. ನಂಬರ್ ಕೊಟ್ಟರೂ ಸುಮ್ನೆ ನಂಬಬೇಡಿ, ನಿಮ್ಮ ಡಾಕ್ಟರಿಗೆ ತೋರಿಸಿ. ಯಾರು ಏನೇ ಹೇಳಲಿ, ನೀವಾಗಿ ಇನ್ಸುಲಿನ್ ನಿಲ್ಲಿಸಬೇಡಿ, ಟೈಪ್ 1ರಲ್ಲಿ ಅದು ಪ್ರಾಣಕ್ಕೇ ಅಪಾಯ. ರಾತ್ರಿ ಲೋ ಆಗುವುದಕ್ಕೆ ಡೋಸ್ ಬದಲಿಸಬೇಕೇ, ಶುಗರನ್ನು ಸತತವಾಗಿ ಅಳೆದು ಲೋ ಆದಾಗ ಅಲಾರಾಂ ಹೊಡೆಯುವ ಸಿಜಿಎಂ ಸಾಧನ ಹಾಕಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಸಕ್ಕರೆ ನೀರು ಸುರಿಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಬೇಡಿ ಎಂದಿದ್ದಕ್ಕೆ ಅಪ್ಪನಿಗೆ ಸಿಟ್ಟು ಬಂತು. ಗಂಡಿನ ಕಡೆಯವರಿಗೆ ಯಾವಾಗ, ಹೇಗೆ ಹೇಳಬೇಕು ಅನ್ನೋದನ್ನು ಸುಮಾಳೇ ಬರೆದುಕೊಂಡು ಬರುತ್ತಾಳೆ, ಮುಂದಿನ ಸಲ ಅದನ್ನೇ ಮಾತಾಡುತ್ತೇವೆ. ಅಪ್ಪ ಬರುತ್ತಾರೋ ಇಲ್ಲವೋ ಗೊತ್ತಿಲ್ಲ, ಸೈಟು ಮಾತ್ರ ಸದ್ಯಕ್ಕೆ ಮಾರುವುದಿಲ್ಲವಂತೆ.